ಐದು ಸ್ಕೂಟರ್, ಒಂದು ದಾರ: ರಿಗ್ರೆಷನ್ ಅರ್ಥ ಮಾಡಿಸೋದು ಹೇಗೆ?

ಬಿಕಾಂ ಹುಡುಗರಿಗೆ ರಿಗ್ರೆಷನ್, ಅಂದರೆ ಒಂದು ಸಂಖ್ಯೆ ನೋಡಿ ಇನ್ನೊಂದನ್ನು ಊಹಿಸುವ ಗೆರೆಯ ಲೆಕ್ಕ, ಚೆನ್ನಾಗಿ ಬರುತ್ತದೆ. ತೊಂದರೆ ಇರೋದೇ ಅಲ್ಲಿ. ಎಕ್ಸ್, ವೈ, ಎಕ್ಸ್ ಸ್ಕ್ವೇರ್, ವೈ ಸ್ಕ್ವೇರ್, ಎಕ್ಸ್ ವೈ ಅಂತ ಐದು ಕಾಲಂ ಎಳೆದು, ಕೆಳಗೆ ಒಟ್ಟು ಹಾಕಿ, ಸೂತ್ರಕ್ಕೆ ತುಂಬಿ, ಉತ್ತರದ ಸುತ್ತ ಡಬ್ಬಿ ಬರೆದು ಪೆನ್ ಕೆಳಗಿಡುತ್ತಾರೆ. ಪೂರ್ತಿ ಅಂಕ. ಆಮೇಲೆ ನಾನು ಕೇಳುತ್ತೇನೆ: "ಸರಿ, ಈ ಮೈನಸ್ ಎಂಟು ಅಂದ್ರೆ ಏನಪ್ಪಾ?" ಕ್ಲಾಸಿನಲ್ಲಿ ಫ್ಯಾನ್ ಸದ್ದು ಮಾತ್ರ.

ಹುಡುಗರನ್ನು ಬಯ್ಯುವಂತಿಲ್ಲ. ನಾನೂ ಮೊದಲ ಕೆಲವು ವರ್ಷ ಹಾಗೇ ಕಲಿಸಿದವನು. ಸೂತ್ರ ಬೋರ್ಡ್ ಮೇಲೆ, ಲೆಕ್ಕ ನೋಟ್ಸಿನಲ್ಲಿ, ಸಿಲಬಸ್ ಮುಗಿಯಿತು. ಈಗ ಸೂತ್ರವನ್ನು ಕೊನೆಗೆ ಇಡುತ್ತೇನೆ. ಮೊದಲು ಹಳೇ ಸ್ಕೂಟರ್.

ಸ್ಕೂಟರ್ ಯಾಕೆ ಅಂದರೆ ಅದರ ಬೆಲೆ ಬಗ್ಗೆ ಎಲ್ಲರಿಗೂ ಒಂದು ಅಂದಾಜಿದೆ. ಹಳೆಯದಾದಷ್ಟೂ ಬೆಲೆ ಕಮ್ಮಿ, ಇದನ್ನು ಹೇಳಲು ಮೇಷ್ಟ್ರು ಬೇಕಿಲ್ಲ. ಎಷ್ಟು ಕಮ್ಮಿ ಅನ್ನೋದೇ ಪ್ರಶ್ನೆ. ಹುಡುಗರು ಮೊಬೈಲಿನಲ್ಲಿ ಬೆಂಗಳೂರಿನ ಜಾಹೀರಾತು ನೋಡಿ ಒಂದೇ ಮಾಡೆಲ್‌ನ ಐದು ಗಾಡಿ ಬರೆದುಕೊಂಡು ಬಂದರು. ಲೆಕ್ಕ ಸುಲಭವಾಗಲಿ ಅಂತ ಸಂಖ್ಯೆಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. 1 ವರ್ಷದ ಗಾಡಿ 76 ಸಾವಿರ, 2 ವರ್ಷದ್ದು 72, 3 ವರ್ಷದ್ದು 52, 4 ವರ್ಷದ್ದು 56, 5 ವರ್ಷದ್ದು 44 ಸಾವಿರ. ಮೂರು ವರ್ಷದ ಗಾಡಿ ನಾಲ್ಕು ವರ್ಷದ್ದಕ್ಕಿಂತ ಅಗ್ಗ. ಅದನ್ನು ನೆನಪಿಟ್ಟುಕೊಳ್ಳಿ, ಆ ಗಾಡಿಯಿಂದಲೇ ಕಥೆ ಶುರುವಾಗೋದು.

ಮೊದಲ ಕೆಲಸ, ಚಿತ್ರ ಬರೆಯೋದು. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ವಯಸ್ಸು, ಉದ್ದಕ್ಕೆ ಬೆಲೆ, ಐದು ಚುಕ್ಕೆ. "ಎಕ್ಸೆಲ್‌ನಲ್ಲಿ ಬಟನ್ ಒತ್ತಿದ್ರೆ ಬರುತ್ತಲ್ಲ ಸರ್" ಅಂತಾರೆ. ಬರುತ್ತೆ. ಆದರೆ ಚುಕ್ಕೆ ನೋಡದೆ ಬಟನ್ ಒತ್ತಿದರೆ ಏನಾಗುತ್ತದೆ ಅಂತ ಫ್ರಾನ್ಸಿಸ್ ಆನ್ಸ್‌ಕಂಬ್ ಎಂಬ ಸಂಖ್ಯಾಶಾಸ್ತ್ರಜ್ಞ 1973ರಲ್ಲೇ ತೋರಿಸಿದ್ದಾನೆ. ತಲಾ 11 ಚುಕ್ಕೆಗಳ ನಾಲ್ಕು ಪಟ್ಟಿ. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ 7.5, ಸಹಸಂಬಂಧ (ಎರಡೂ ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಅನ್ನುವ ಅಳತೆ) 0.816, ರಿಗ್ರೆಷನ್ ಗೆರೆ ಕೂಡ ಅದೇ. ಚಿತ್ರ ಬರೆದು ನೋಡಿದರೆ ಒಂದು ಮಾಮೂಲಿ ಚದುರಿದ ಚುಕ್ಕೆ, ಇನ್ನೊಂದು ಕಮಾನು, ಮೂರನೆಯದರಲ್ಲಿ ಒಂದು ಚುಕ್ಕೆ ಮಾತ್ರ ಸಾಲು ಬಿಟ್ಟು ಎಲ್ಲೋ ಮೇಲೆ ಕೂತಿದೆ, ನಾಲ್ಕನೆಯದರಲ್ಲಂತೂ ಹತ್ತು ಚುಕ್ಕೆ ಒಂದೇ ಕಂಬಕ್ಕೆ ಅಂಟಿಕೊಂಡು ದೂರದ ಒಂಟಿ ಚುಕ್ಕೆಯೊಂದೇ ಇಡೀ ಗೆರೆಯನ್ನು ತನ್ನ ಕಡೆ ಎಳೆದುಕೊಂಡಿದೆ. ಕಂಪ್ಯೂಟರ್‌ಗೆ ನಾಲ್ಕೂ ಒಂದೇ.

ಈಗ ದಾರ. ಹೂ ಕಟ್ಟುವ ದಾರವೇ ಸಾಕು. ವಯಸ್ಸಿನ ಸರಾಸರಿ 3, ಬೆಲೆಯ ಸರಾಸರಿ 60. ಆ ಜಾಗದಲ್ಲಿ ಒಂದು ಗುಂಡುಪಿನ್ ಚುಚ್ಚಿ, ದಾರವನ್ನು ಅದಕ್ಕೆ ತಾಗಿಸಿ ಎರಡೂ ಕಡೆ ಎಳೆದು ಹಿಡಿಯಿರಿ. ಈಗ ದಾರ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಯಾವ ಓರೆಯಲ್ಲಿ ನಿಲ್ಲಿಸಿದರೆ ಚುಕ್ಕೆಗಳಿಗೆ ಅತಿ ಹತ್ತಿರ? ರಿಗ್ರೆಷನ್ ಅಂದರೆ ಇಷ್ಟೇ ಪ್ರಶ್ನೆ.

ಮೊದಲು ದಾರವನ್ನು ಮಟ್ಟಸವಾಗಿ ಹಿಡಿಯಿರಿ. ಅಂದರೆ ವಯಸ್ಸು ಎಷ್ಟೇ ಇರಲಿ, ಬೆಲೆ 60 ಸಾವಿರ ಅಂತ ಊಹಿಸಿದ ಹಾಗೆ. ತಪ್ಪುಗಳು ಎಷ್ಟೆಷ್ಟು? 16, 12, ಮೈನಸ್ 8, ಮೈನಸ್ 4, ಮೈನಸ್ 16. ಕೂಡಿದರೆ ಸೊನ್ನೆ. "ಸರ್, ತಪ್ಪೇ ಇಲ್ಲ!" ಅಂತ ಹಿಂದಿನ ಬೆಂಚಿನಿಂದ ಯಾರಾದರೂ ಕೂಗುತ್ತಾರೆ, ಪ್ರತಿ ವರ್ಷ. ಒಳ್ಳೆಯದೇ. ಸರಾಸರಿ ಬಿಂದುವಿನ ಮೂಲಕ ಹೋಗುವ ಯಾವ ಗೆರೆ ಎಳೆದರೂ ತಪ್ಪುಗಳ ಮೊತ್ತ ಸೊನ್ನೆಯೇ ಆಗುತ್ತದೆ. ಮೇಲಿನದ್ದು ಕೆಳಗಿನದ್ದು ಹೊಡೆದುಹೋಗುತ್ತದೆ. ಅದಕ್ಕೇ ವರ್ಗ ಮಾಡೋದು. ವರ್ಗ ಮಾಡಿದರೆ ಮೈನಸ್ ಹೋಗುತ್ತದೆ, ಜೊತೆಗೆ ದೊಡ್ಡ ತಪ್ಪಿಗೆ ದೊಡ್ಡ ದಂಡ ಬೀಳುತ್ತದೆ. ಮಟ್ಟಸ ಗೆರೆಗೆ ವರ್ಗಗಳ ಮೊತ್ತ 736.

ಈಗ ದಾರವನ್ನು ಸ್ವಲ್ಪ ಇಳಿಜಾರು ಮಾಡಿ. ವರ್ಷಕ್ಕೆ 7 ಸಾವಿರ ಇಳಿಕೆ ಅಂತಿಟ್ಟರೆ ತಪ್ಪುಗಳು 2, 5, ಮೈನಸ್ 8, 3, ಮೈನಸ್ 2. ವರ್ಗಗಳ ಮೊತ್ತ 106. ವರ್ಷಕ್ಕೆ 8 ಸಾವಿರ ಅಂತಿಟ್ಟರೆ 0, 4, ಮೈನಸ್ 8, 4, 0. ಮೊತ್ತ 96. ಇನ್ನೂ ಜಾಸ್ತಿ ಓರೆ ಮಾಡಿ ನೋಡಿ, ಮತ್ತೆ ಏರುತ್ತದೆ. 96ಕ್ಕಿಂತ ಕೆಳಗೆ ಯಾವ ಗೆರೆಯೂ ಇಳಿಯೋದಿಲ್ಲ. ಪುಸ್ತಕದಲ್ಲಿರುವ ಆ ಭಾರೀ ಸೂತ್ರ ದಾರ ತಿರುಗಿಸುವ ಶ್ರಮ ಉಳಿಸುತ್ತದೆ, ಬೇರೇನೂ ಇಲ್ಲ. ನಮ್ಮ ಗೆರೆ: ಬೆಲೆ = 84 − 8 × ವಯಸ್ಸು (3 ವರ್ಷಕ್ಕೆ 60, ಅಲ್ಲಿಂದ ಸೊನ್ನೆ ವರ್ಷಕ್ಕೆ ಹಿಂದೆ ಹೋದರೆ 24 ಜಾಸ್ತಿ, ಅದೇ 84).

ಈ "ಕನಿಷ್ಠ ವರ್ಗ" ವಿಧಾನ ಹುಟ್ಟಿದ್ದು ವ್ಯಾಪಾರಕ್ಕಲ್ಲ, ಆಕಾಶಕ್ಕೆ. ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಧೂಮಕೇತುಗಳ ದಾರಿ ಲೆಕ್ಕ ಹಾಕುವ ಪುಸ್ತಕದಲ್ಲಿ ಇದನ್ನು ಅಚ್ಚು ಹಾಕಿಸಿದ. 1809ರಲ್ಲಿ ಜರ್ಮನಿಯ ಗಾಸ್, ನಾನಿದನ್ನು 1795ರಿಂದಲೇ ಬಳಸುತ್ತಿದ್ದೇನೆ ಅಂದ. ಲೆಜಾಂಡ್ರ್‌ಗೆ ಉರಿದುಹೋಯಿತು. ಇಬ್ಬರು ಮಹಾನ್ ಗಣಿತಜ್ಞರು ಜಮೀನಿನ ಬದುವಿಗೆ ಕಿತ್ತಾಡುವ ಅಣ್ಣತಮ್ಮಂದಿರ ಹಾಗೆ ಜಗಳ ಆಡಿದರು ಅಂದರೆ ಹುಡುಗರಿಗೆ ಸೂತ್ರದ ಮೇಲೆ ಸ್ವಲ್ಪ ಪ್ರೀತಿ ಬರುತ್ತದೆ.

ಗೆರೆ ಎಷ್ಟು ಚೆನ್ನಾಗಿ ಕೂತಿದೆ ಅಂತ ಅಳೆಯುವ ಆರ್ ಸ್ಕ್ವೇರ್ ಅನ್ನೂ ಇಲ್ಲೇ ಮುಗಿಸಿಬಿಡಬಹುದು. ವಯಸ್ಸು ಗೊತ್ತಿಲ್ಲದೆ ಊಹಿಸಿದಾಗ ತಪ್ಪು 736. ಗೊತ್ತಾದ ಮೇಲೆ 96. ಹೋದದ್ದು 640. 640 ಭಾಗಿಸು 736, ಅಂದರೆ 0.87. ತಪ್ಪಿನಲ್ಲಿ 87 ಪಾಲು ತೊಳೆದುಹೋಯಿತು, 13 ಪಾಲು ಉಳಿಯಿತು. ಇದಕ್ಕೆ ಬೇರೆ ಸೂತ್ರ ಬಾಯಿಪಾಠ ಮಾಡಬೇಕಾ? ಎಂಬಿಎ ಹುಡುಗರು ಆರ್ ಸ್ಕ್ವೇರ್ ಅನ್ನು ಪರ್ಸೆಂಟೇಜ್ ಮಾರ್ಕ್ಸ್ ಥರ ನೋಡುತ್ತಾರೆ, 0.87 ಬಂದರೆ ಡಿಸ್ಟಿಂಕ್ಷನ್, 0.3 ಬಂದರೆ ಫೇಲು. ಹಾಗಲ್ಲ. ಮನುಷ್ಯರ ಸಂಬಳ, ಖರ್ಚು, ಸಾಲ ಇಂಥ ವಿಷಯದಲ್ಲಿ 0.3 ಬಂದರೂ ಅದರಲ್ಲಿ ತಿಳಿಯುವುದು ಬೇಕಾದಷ್ಟು ಇರಬಹುದು.

ನಮ್ಮ ಪುಸ್ತಕಗಳಲ್ಲಿ ಇನ್ನೊಂದು ಒಗಟು ಇದೆ, ಎರಡು ರಿಗ್ರೆಷನ್ ಗೆರೆ. ವೈ ಆನ್ ಎಕ್ಸ್ (ಎಕ್ಸ್ ನೋಡಿ ವೈ ಊಹಿಸೋದು), ಎಕ್ಸ್ ಆನ್ ವೈ (ವೈ ನೋಡಿ ಎಕ್ಸ್ ಊಹಿಸೋದು). ಎರಡೂ ಬರೆದು ಅಂಕ ತೆಗೆದುಕೊಂಡವರಲ್ಲಿ ಯಾಕೆ ಎರಡು ಅಂತ ಹೇಳಬಲ್ಲವರು ಕಮ್ಮಿ. ಗೆರೆ ಒಂದೇ ಆಗಿದ್ದರೆ ತಿರುಗಿಸಿ ಓದಬಹುದಿತ್ತು: ಒಂದು ವರ್ಷಕ್ಕೆ 8 ಸಾವಿರ ಅಂದರೆ ಒಂದು ಸಾವಿರಕ್ಕೆ 0.125 ವರ್ಷ. ಆದರೆ ಬೆಲೆ ನೋಡಿ ವಯಸ್ಸು ಊಹಿಸುವ ಗೆರೆಯನ್ನು ಬೇರೆ ಹಾಕಿದರೆ ಬರೋದು 0.109. ಯಾಕೆ? ಮೊದಲ ಗೆರೆಯಲ್ಲಿ ತಪ್ಪನ್ನು ಮೇಲೆ ಕೆಳಗೆ ಅಳೆದೆವು, ಬೆಲೆಯಲ್ಲಿ. ಎರಡನೆಯದರಲ್ಲಿ ಎಡಕ್ಕೆ ಬಲಕ್ಕೆ ಅಳೆಯುತ್ತೇವೆ, ವಯಸ್ಸಿನಲ್ಲಿ. ಪ್ರಶ್ನೆ ಬೇರೆ, ಆದ್ದರಿಂದ ಉತ್ತರವೂ ಬೇರೆ. ಚುಕ್ಕೆಗಳೆಲ್ಲ ಒಂದೇ ಗೆರೆ ಮೇಲೆ ಸರಿಯಾಗಿ ಕೂತಿದ್ದರೆ ಮಾತ್ರ ಎರಡೂ ಒಂದಾಗುತ್ತವೆ. ಈಗ 8 ಮತ್ತು 0.109 ಗುಣಿಸಿ. 0.87! ಪುಸ್ತಕದ ಆ ಹಳೇ ಸಾಲು, ಎರಡು ಗುಣಕಗಳ (ಅಂದರೆ ಎರಡು ಗೆರೆಗಳ ಓರೆಗಳ) ಗುಣಲಬ್ಧವೇ ಆರ್ ಸ್ಕ್ವೇರ್, ಅದು ಇದೇ.

ರಿಗ್ರೆಷನ್ ಅನ್ನೋ ಹೆಸರೇ ಒಂದು ವಿಚಿತ್ರ. ಹಿಂಜರಿತ ಅಂತ ಕನ್ನಡ ಮಾಡಿದರೆ ಪೇಪರ್ ಓದುವವರಿಗೆ ಆರ್ಥಿಕ ಹಿಂಜರಿತ ನೆನಪಾಗುತ್ತದೆ, ಅದಕ್ಕೇ ನಾನು ರಿಗ್ರೆಷನ್ ಅಂತಲೇ ಬರೆಯುತ್ತೇನೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ದಂಪತಿಗಳ, ಬೆಳೆದ 928 ಮಕ್ಕಳ ಎತ್ತರ ಹೋಲಿಸಿದ. ಹೆಂಗಸರ ಎತ್ತರವನ್ನು 1.08ರಿಂದ ಗುಣಿಸಿ ಗಂಡಸರ ಸಮಕ್ಕೆ ತಂದ. ಅಪ್ಪ ಅಮ್ಮನ ಎತ್ತರದ ಸರಾಸರಿ ಊರಿನವರಿಗಿಂತ 3 ಇಂಚು ಜಾಸ್ತಿ ಇದ್ದರೆ ಮಕ್ಕಳು ಸರಾಸರಿ 2 ಇಂಚು ಮಾತ್ರ ಜಾಸ್ತಿ, ಅಂದರೆ ಓರೆ ಸುಮಾರು ಮೂರರಲ್ಲಿ ಎರಡು ಭಾಗ. ಕುಳ್ಳರ ಮಕ್ಕಳೂ ಅಷ್ಟೇ, ಅಪ್ಪ ಅಮ್ಮನಷ್ಟು ಕುಳ್ಳರಲ್ಲ. ನಡುವಿನ ಕಡೆಗೆ ಈ ವಾಪಸಾತಿಗೆ ಅವನಿಟ್ಟ ಹೆಸರು ಇಡೀ ವಿಧಾನಕ್ಕೇ ಅಂಟಿಕೊಂಡಿತು. ವ್ಯಾಪಾರದಲ್ಲಿ ಇದನ್ನು ಮರೆತು ಏಟು ತಿನ್ನುವವರು ಬಹಳ. ಈ ತಿಂಗಳು ಅತಿ ಕಮ್ಮಿ ಮಾರಿದ ಸೇಲ್ಸ್ ಹುಡುಗನಿಗೆ ಮ್ಯಾನೇಜರ್ ಚೆನ್ನಾಗಿ ಬಯ್ಯುತ್ತಾರೆ, ಮುಂದಿನ ತಿಂಗಳು ಅವನದ್ದು ಏರುತ್ತದೆ, "ನೋಡಿ, ಬಯ್ದಿದ್ದಕ್ಕೆ ದಾರಿಗೆ ಬಂದ" ಅಂತಾರೆ. ಅತಿ ಕೆಟ್ಟ ತಿಂಗಳಲ್ಲಿ ಸ್ವಲ್ಪ ದುರದೃಷ್ಟವೂ ಸೇರಿರುತ್ತದೆ, ಅದು ಮುಂದಿನ ತಿಂಗಳು ಇರಲೇಬೇಕೆಂದಿಲ್ಲ. ಬಯ್ಯದಿದ್ದರೂ ಏರುತ್ತಿತ್ತೇನೋ.

ಸರಿ, ಸ್ಕೂಟರ್‌ಗೆ ವಾಪಸ್ ಬರೋಣ. 12 ವರ್ಷದ ಗಾಡಿಗೆ ಎಷ್ಟು? 84ರಲ್ಲಿ 96 ಕಳೆಯಿರಿ. ಮೈನಸ್ 12 ಸಾವಿರ. ಅಂದರೆ ಓನರ್ ನಿಮ್ಮ ಕೈಗೆ 12 ಸಾವಿರ ಕೊಟ್ಟು, ದಯವಿಟ್ಟು ತಗೊಂಡು ಹೋಗಿ ಅನ್ನಬೇಕು! ಗುಜರಿಯವನೂ ಏನಾದರೂ ಕೊಡುತ್ತಾನೆ. ನಮ್ಮ ಚುಕ್ಕೆಗಳು ಇರೋದು 1ರಿಂದ 5 ವರ್ಷದೊಳಗೆ. ಅದರಾಚೆ ಗೆರೆ ಎಳೆದವರು ನಾವು, ಸ್ಕೂಟರ್ ಏನೂ ಹೇಳಿಲ್ಲ. ನಿಜದಲ್ಲಿ ಬೆಲೆ ವರ್ಷಕ್ಕೆ ಇಷ್ಟು ರೂಪಾಯಿ ಅಂತ ಇಳಿಯದೆ ಇಷ್ಟು ಪರ್ಸೆಂಟ್ ಅಂತ ಇಳಿಯೋದು ಜಾಸ್ತಿ. ಪರ್ಸೆಂಟ್ ಇಳಿಕೆಯನ್ನು ನೇರ ಗೆರೆ ಮಾಡಿಕೊಡುವ ಲಾಗರಿಥಮ್, ಅಂದರೆ ಲಾಗ್, ಬೆಲೆಗೆ ತೆಗೆದು ಗೆರೆ ಹಾಕಿದರೆ ಮೈನಸ್ ಬೆಲೆ ಬರುವುದೇ ಇಲ್ಲ. ಎಕನಾಮಿಕ್ಸ್‌ನವರು ಮಾತೆತ್ತಿದರೆ ಲಾಗ್ ಅನ್ನೋದಕ್ಕೆ ಇದೂ ಒಂದು ಕಾರಣ. "ಲಾಗ್ ಯಾಕೆ?" ಅನ್ನುವ ಪ್ರಶ್ನೆಗೆ ಮೈನಸ್ 12 ಸಾವಿರದ ಸ್ಕೂಟರ್‌ಗಿಂತ ಒಳ್ಳೆ ಉತ್ತರ ನನಗೆ ಸಿಕ್ಕಿಲ್ಲ.

ಈಗ ಹುಡುಗರ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು. ವರ್ಷಕ್ಕೆ 8 ಸಾವಿರ ಅಂತ ಬಂದದ್ದು ಐದೇ ಗಾಡಿಯಿಂದ. ಬೇರೆ ಐದು ಗಾಡಿ ನೋಡಿದ್ದರೆ? 6 ಬರಬಹುದಿತ್ತು, 10 ಬರಬಹುದಿತ್ತು. ಈ ಅಲುಗಾಟದ ಅಳತೆಯೇ ಸ್ಟ್ಯಾಂಡರ್ಡ್ ಎರರ್. ಉಳಿದ ತಪ್ಪು 96, ಅದನ್ನು 3ರಿಂದ ಭಾಗಿಸಿ (ಗೆರೆಯ ಎತ್ತರ, ಗೆರೆಯ ಓರೆ ಅಂತ ಎರಡು ಸಂಖ್ಯೆ ಕಂಡುಹಿಡಿಯೋಕೆ ಐದು ಚುಕ್ಕೆಯಲ್ಲಿ ಎರಡು ಚುಕ್ಕೆಯ ಮಾಹಿತಿ ಖರ್ಚಾಯಿತು, ಉಳಿದದ್ದು ಮೂರು), 32 ಬರುತ್ತದೆ. ಅದನ್ನು ವಯಸ್ಸಿನ ಹರಡುವಿಕೆ, ಅಂದರೆ ಸರಾಸರಿಯಿಂದ ಇರುವ ದೂರಗಳ ವರ್ಗದ ಮೊತ್ತ 10ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.79. ಅಲುಗಾಟಕ್ಕೆ ಎಷ್ಟು ಪಟ್ಟು ಜಾಗ ಬಿಡಬೇಕು ಅಂತ ಹೇಳುವ ಟಿ ಟೇಬಲ್‌ನಲ್ಲಿ ಮೂರರ ಸಾಲು ನೋಡಿದರೆ ಶೇ 95 ಭರವಸೆಗೆ 3.18 ಇದೆ. ಗುಣಿಸಿ. 5.7. ಅದನ್ನು 8ರಿಂದ ಕಳೆದು, 8ಕ್ಕೆ ಕೂಡಿ ನೋಡಿದರೆ ಇಳಿಕೆ ವರ್ಷಕ್ಕೆ 2,300 ರೂಪಾಯಿಯೂ ಇರಬಹುದು, 13,700ವೂ ಇರಬಹುದು! ಆರ್ ಸ್ಕ್ವೇರ್ 0.87 ಅಂತ ಕುಣಿದವರು ಈಗ ಸುಮ್ಮನಾಗುತ್ತಾರೆ. ಪಿ ವ್ಯಾಲ್ಯೂ ಲೆಕ್ಕ ಹಾಕಿದರೆ 0.05ಕ್ಕಿಂತ ಕಮ್ಮಿಯೇ ಬರುತ್ತದೆ, ಸಿಗ್ನಿಫಿಕೆಂಟ್ ಅಂತ ಬರೆದು ಗೆರೆ ಎಳೆಯಬಹುದು. ಆದರೆ ಪಿ ಹೇಳೋದು ಇಷ್ಟೇ: ನಿಜವಾದ ಓರೆ ಸೊನ್ನೆಯೇ ಆಗಿದ್ದಿದ್ದರೆ ಇಷ್ಟು ದೊಡ್ಡ ಓರೆ ಸುಮ್ನೆ ಅದೃಷ್ಟದಿಂದ ಬರೋದು ಅಪರೂಪ. ಹಳೇ ಗಾಡಿ ಅಗ್ಗ ಅಂತ ಗೊತ್ತಾಯಿತು. ಅದು ಮೊದಲೇ ಗೊತ್ತಿತ್ತಲ್ವಾ? ಗಾಡಿ ಕೊಳ್ಳುವವನಿಗೆ ಬೇಕಾದದ್ದು 2,300ವೋ 13,700ವೋ ಅನ್ನೋದು, ಅದಕ್ಕೆ ಐದು ಗಾಡಿ ಸಾಲದು.

ಈ ಅಲುಗಾಟವನ್ನು ಎಷ್ಟರ ಮಟ್ಟಿಗೆ ಕಮ್ಮಿ ಮಾಡಬಹುದು? ಎಷ್ಟೇ ಜಾಣ ಸೂತ್ರ ತಂದರೂ ಇರುವ ಮಾಹಿತಿಯಿಂದ ಒಂದು ಮಿತಿಗಿಂತ ಕೆಳಗೆ ಇಳಿಸೋಕಾಗಲ್ಲ, ಪಕ್ಷಪಾತ ಇಲ್ಲದ, ಅಂದರೆ ಸರಾಸರಿಯಲ್ಲಿ ನಿಜಕ್ಕೇ ಬಂದು ನಿಲ್ಲುವ, ಅಂದಾಜುಗಳಿಗೆ ಒಂದು ತಳ ಇದೆ ಅಂತ 1945ರಲ್ಲಿ ತೋರಿಸಿದವರು ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್. ಕ್ರಾಮರ್-ರಾವ್ ಮಿತಿ ಅಂತ ಅದರ ಹೆಸರು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. ಕೆಲಸ ಮಾಡಿದ್ದು ಮಹಾಲನೋಬಿಸ್ 1931ರಲ್ಲಿ ಕಟ್ಟಿದ ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಮಲ್ಲಿಗೆಗೆ ಹೆಸರಾದ ಊರಿನವರು ಅಂದಾಗ ಬಳ್ಳಾರಿ ಕಡೆಯ ಹುಡುಗರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಮುಂದಿನ ಮೆಟ್ಟಿಲು ಮಲ್ಟಿಪಲ್ ರಿಗ್ರೆಷನ್, ಅಂದರೆ ಒಂದಕ್ಕಿಂತ ಜಾಸ್ತಿ ವಿಷಯ ನೋಡಿ ಬೆಲೆ ಊಹಿಸೋದು. ಹಳೇ ಗಾಡಿ ಜಾಸ್ತಿ ಓಡಿರುತ್ತದೆ. ಹಾಗಾದರೆ ಬೆಲೆ ಇಳಿದದ್ದು ವಯಸ್ಸಾದದ್ದಕ್ಕಾ, ಓಡಿದ್ದಕ್ಕಾ? ವಯಸ್ಸು ಒಂದನ್ನೇ ಹಾಕಿದಾಗ ಎರಡರ ಪೆಟ್ಟೂ ವಯಸ್ಸಿನ ಖಾತೆಗೆ ಬೀಳುತ್ತದೆ. ಕಿಲೋಮೀಟರ್ ಕೂಡ ಸೇರಿಸಿದರೆ ವಯಸ್ಸಿನ 8 ಇಳಿದು 5 ಆಗಿಬಿಡಬಹುದು ಅಂತಿಟ್ಟುಕೊಳ್ಳಿ. ಹುಡುಗರು ತಕ್ಷಣ ಕೇಳೋದು, "ಹಾಗಾದ್ರೆ 8 ತಪ್ಪಾ ಸರ್?" ತಪ್ಪಲ್ಲ ಕಣ್ರಿ. 8 ಅನ್ನೋದು ಮೂರು ವರ್ಷದ ಗಾಡಿಗಳನ್ನೂ ನಾಲ್ಕು ವರ್ಷದ ಗಾಡಿಗಳನ್ನೂ ಇದ್ದ ಹಾಗೇ ಹೋಲಿಸಿದ್ದು. 5 ಅನ್ನೋದು ಅಷ್ಟೇ ಕಿಲೋಮೀಟರ್ ಓಡಿದ, ಆದರೆ ಒಂದು ವರ್ಷ ಹಳೆಯದಾದ ಗಾಡಿಯ ಜೊತೆ ಹೋಲಿಸಿದ್ದು. ದಿನಾ ಓಡಿಸದೆ ಮನೆ ಮುಂದೆ ಕವರ್ ಹಾಕಿ ನಿಲ್ಲಿಸುವ ತಾತನಿಗೆ 5 ಬೇಕು. ಎಲ್ಲರ ಹಾಗೆ ಓಡಿಸುವವನಿಗೆ 8.

ಆದರೆ ವಯಸ್ಸೂ ಕಿಲೋಮೀಟರೂ ಯಾವಾಗಲೂ ಜೊತೆಜೊತೆಗೇ ಏರುತ್ತಿದ್ದರೆ ಬೇರ್ಪಡಿಸೋದು ಕಷ್ಟ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು ಸಮನಾಗಿ ನಡೆಯುತ್ತಿದ್ದರೆ ಯಾವುದು ಎಷ್ಟು ಎಳೆಯಿತು ಅಂತ ಹೇಗೆ ಹೇಳ್ತೀರಿ? ಒಂದು ಎತ್ತು ಆಗಾಗ ನಿಂತರೆ ಮಾತ್ರ ಗೊತ್ತಾಗುತ್ತದೆ. ಮಲ್ಟಿಕೊಲಿನಿಯಾರಿಟಿ ಅನ್ನುವ ಬಾಯಿಗೆ ಬಾರದ ಪದದ ಒಳಗಿರೋದು ಇಷ್ಟೇ. ಸ್ಟ್ಯಾಂಡರ್ಡ್ ಎರರ್ ಉಬ್ಬುತ್ತದೆ, ಗಾಬರಿ ಬೇಡ, ಇನ್ನಷ್ಟು ಡೇಟಾ ಬೇಕು ಅಂತ ಅರ್ಥ.

ಕಾರಣ ಮತ್ತು ಜೊತೆಗಾರಿಕೆಯ ವಿಷಯ ಎಲ್ಲರೂ ಹೇಳುತ್ತಾರೆ, ನಾನು ಒಂದೆರಡು ಮಾತು ಹೇಳಿ ಬಿಡುತ್ತೇನೆ. ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1926ರಲ್ಲಿ ತೋರಿಸಿದ ಲೆಕ್ಕ: ಇಂಗ್ಲೆಂಡಿನಲ್ಲಿ 1866ರಿಂದ 1911ರವರೆಗೆ ಒಟ್ಟು ಮದುವೆಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ನಡೆದವುಗಳ ಪಾಲು ಮತ್ತು ಸಾವಿನ ದರ, ಇವೆರಡರ ಸಹಸಂಬಂಧ 0.95. ಚರ್ಚಿನಲ್ಲಿ ಮದುವೆಯಾದರೆ ಜನ ಸಾಯುತ್ತಾರಾ? ಎರಡೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದವು, ಅಷ್ಟೇ. ನಮ್ಮಲ್ಲಿ ಇದರ ತಮ್ಮನೊಬ್ಬ ಗಾಡಿ ಶೋರೂಮಿನಲ್ಲಿ ಸಿಗುತ್ತಾನೆ. ಆಯುಧಪೂಜೆ ಹತ್ತಿರ ಬಂದಾಗ ಜಾಹೀರಾತಿಗೆ ಜಾಸ್ತಿ ಸುರಿಯುತ್ತಾರೆ, ಗಾಡಿಯೂ ಜಾಸ್ತಿ ಹೋಗುತ್ತದೆ, ಜಾಹೀರಾತಿನ ಗುಣಕ ನೋಡಿದರೆ ಬಂಗಾರ. ಹಬ್ಬಕ್ಕೆ ಒಂದು ಕಾಲಂ ಹಾಕಿ ನೋಡಿ, ಆ ಬಂಗಾರದಲ್ಲಿ ಎಷ್ಟು ಹಿತ್ತಾಳೆ ಅಂತ ಗೊತ್ತಾಗುತ್ತದೆ.

ಆ ಮೂರನೇ ಸ್ಕೂಟರ್ ಮರೆತಿಲ್ಲ. ಗೆರೆಯ ಪ್ರಕಾರ 60 ಸಾವಿರ ಇರಬೇಕಿತ್ತು, ಕೇಳುತ್ತಿದ್ದದ್ದು 52. ಈ ಮೈನಸ್ 8, ಅಂದರೆ ಗೆರೆಗೆ ಸಿಗದೆ ಉಳಿದದ್ದು, ನನ್ನ ಲೆಕ್ಕದಲ್ಲಿ ಇಡೀ ಪಾಠದ ಜೀವ. ಗೆರೆ ಹೇಳೋದು ಸಾಮಾನ್ಯ ಸ್ಕೂಟರ್ ಕಥೆ. ಉಳಿಕೆ ಹೇಳೋದು ಈ ಸ್ಕೂಟರ್ ಕಥೆ. ಒಂದೋ ಇದು ಒಳ್ಳೆ ಚೌಕಾಸಿ, ಇಲ್ಲವೇ ನಮಗೆ ಗೊತ್ತಿಲ್ಲದ್ದು ಏನೋ ಓನರ್‌ಗೆ ಗೊತ್ತಿದೆ. "ಯಾವುದು ಅಂತ ಕಂಡುಹಿಡೀರಿ" ಅಂದೆ. ಎರಡನೇ ಬೆಂಚಿನ ಹುಡುಗಿ ಬ್ರೇಕ್‌ನಲ್ಲಿ ಫೋನ್ ಮಾಡಿಯೇಬಿಟ್ಟಳು. ಎಂಜಿನ್ ಹೇಗಿದೆ, ಇನ್ಶೂರೆನ್ಸ್ ಇದೆಯಾ, ಬಿದ್ದಿದೆಯಾ ಅಂತೆಲ್ಲ ಕೇಳಿ ಕೇಳಿ ಕೊನೆಗೆ ಬಾಯಿ ಬಿಡಿಸಿದಳು. ಜೋರು ಮಳೆಯಲ್ಲಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ನೀರು ನುಗ್ಗಿ ಗಾಡಿ ಸೀಟಿನವರೆಗೆ ಮುಳುಗಿತ್ತಂತೆ.

ಮುಂದಿನ ಕ್ಲಾಸಿಗೆ ಪಟ್ಟಿಯಲ್ಲಿ ಒಂದು ಕಾಲಂ ಜಾಸ್ತಿಯಾಗಿತ್ತು. ನೀರಲ್ಲಿ ಮುಳುಗಿದೆಯಾ? ಹೌದು ಅಂದ್ರೆ 1, ಇಲ್ಲ ಅಂದ್ರೆ 0. ಡಮ್ಮಿ ವೇರಿಯಬಲ್ ಅನ್ನೋ ಹೆಸರನ್ನು ಆಮೇಲೆ ಹೇಳಿದರಾಯಿತು ಅಂತ ನಾನು ಸುಮ್ಮನಿದ್ದೆ. ಅವಳೇ ಸ್ವಲ್ಪ ಹೊತ್ತು ಲೆಕ್ಕ ಹಾಕಿ ತಲೆ ಎತ್ತಿದಳು.

"ಸರ್, ಒಂದೇ ಗಾಡಿಗೆ 1 ಹಾಕಿದ್ರೆ ಅದರ ತಪ್ಪು ತಾನಾಗೇ ಸೊನ್ನೆ ಆಗಿಬಿಡುತ್ತಲ್ವಾ? ಇದು ಮೋಸ ಅಲ್ವಾ?"

"ಹೂಂ ಕಣಮ್ಮ, ಆಗುತ್ತೆ. ಹೋಗಿ, ಮುಳುಗಿದ ಗಾಡಿ ಇನ್ನೊಂದು ಹತ್ತಾದರೂ ಹುಡುಕ್ಕೊಂಡು ಬನ್ನಿ" ಅಂದೆ.